ಪುಷ್ಪಾವತಿಯ ಸೊಳ್ಳೆ ಕಾವಲು

ಡೊಂಬಿವಲಿ ಪೂರ್ವದ ಆ ನಾಲ್ಕು ಮಾಳಿಗೆಯ ಸೊಸೈಟಿಯಲ್ಲಿ ಪುಷ್ಪಾವತಿಗೆ ಹೆದರದವರು ಯಾರೂ ಇರಲಿಲ್ಲ. ವಾಚ್‌ಮನ್ ಹೆದರುತ್ತಿದ್ದ, ಸೆಕ್ರೆಟರಿ ಹೆದರುತ್ತಿದ್ದರು, ಸೊಳ್ಳೆಗಳು ಹೆದರುತ್ತಿದ್ದವೋ ಇಲ್ಲವೋ ಅವನ್ನೇ ಕೇಳಬೇಕು. ಹೋದ ವರ್ಷ ಆಗಸ್ಟಿನಲ್ಲಿ ಮಗ ಸುಜನ್‌ಗೆ ಡೆಂಗಿ ಬಂದು, ಪ್ಲೇಟ್‌ಲೆಟ್ ಹದಿನೆಂಟು ಸಾವಿರಕ್ಕೆ ಇಳಿದು, ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದ ಮೇಲೆ ಶುರುವಾದದ್ದು ಇದು. ಮನೆಗೆ ಕಳಿಸುವ ದಿನ ಡಾಕ್ಟರರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು, ಇನ್ನೊಂದು ಸಲ ಬಾರದ ಹಾಗೆ ನೋಡಿಕೊಳ್ಳಿ, ಎರಡನೇ ಸಲ ಬಂದರೆ ಇದಕ್ಕಿಂತ ಜೋರಾಗಬಹುದು ಎಂದು. ಆಗಬಹುದು ಎಂದರೇ ಹೊರತು ಆಗುತ್ತದೆ ಎನ್ನಲಿಲ್ಲ. ಆದರೆ ಹನ್ನೊಂದು ದಿನ ಮಗನ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತ ಹೆಂಗಸಿಗೆ ಆ ಎರಡರ ನಡುವೆ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ.

ಅಂದಿನಿಂದ ಅವಳಿಗೆ ಮೈಯೆಲ್ಲ ಕಣ್ಣು. ದಿನಾ ಹನ್ನೊಂದು ಗಂಟೆಗೆ ಅನ್ನಕ್ಕಿಟ್ಟು ಕೆಳಗಿಳಿದು ಬಿಲ್ಡಿಂಗಿಗೆ ಒಂದು ಸುತ್ತು ಹಾಕುವಳು. ಯಾರದೋ ಸ್ಕೂಟರಿನ ಹಳೆ ಟಯರು, ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಡಬ್ಬ, ಹೂಕುಂಡದ ಕೆಳಗಿನ ತಟ್ಟೆ, ಯಾವುದನ್ನೂ ಬಿಡುತ್ತಿರಲಿಲ್ಲ. ನೀರು ಕಂಡರೆ ಕಾಲಿನಿಂದ ಒದ್ದು ಚೆಲ್ಲಿ, ಅವರ ಮನೆ ಬೆಲ್ಲು ಒತ್ತಿ, ನಾಲ್ಕು ಮಾತು ಅಂದೇ ಬರುವಳು. ಪಕ್ಕದ ಮನೆಯ ಕಾಂಚನಾ ಕೂಡ ಒಂದು ದಿನ ಸಿಕ್ಕಿಬಿದ್ದಳು. ಈ ಕಾಂಚನಾ ಹುಬ್ಬಳ್ಳಿ ಕಡೆಯವಳು, ವಾಶಿಯಲ್ಲಿ ಒಂದು ಆಫೀಸಿನಲ್ಲಿ ಕೆಲಸ. ಗಂಡ ಹಡಗಿನ ಮೇಲೆ. ಅವಳ ಐದು ವರ್ಷದ ಮಗಳು ಮಾನ್ಯಾ ಶಾಲೆ ಬಿಟ್ಟ ಮೇಲೆ ಪುಷ್ಪಾವತಿಯ ಮನೆಯಲ್ಲೇ ಇರುವುದು, ತಾಯಿ ಲೋಕಲ್ ರೈಲು ಹಿಡಿದು ಬರುವ ತನಕ. ಅಷ್ಟು ಬಳಕೆ. ಆದರೂ ಮೆಟ್ಟಿಲ ಮೇಲೆ ಹತ್ತು ಜನರ ಎದುರಿಗೆ, "ನಿನ್ನ ತುಳಸಿ ಅಡಿಯಲ್ಲಿ ಎಂತ ನುಸಿ ಸಾಕ್ತಾ ಇದ್ದೀಯಾ? ನಾಳೆ ನನ್ನ ಮಗನಿಗೆ ಎಂತಾದ್ರೂ ಆದ್ರೆ ನಿನ್ನ ಮನೆಗೆ ಬಂದು ಕೂರ್ತೇನೆ ನೋಡು!" ಎಂದು ಕೂಗಾಡಿದ್ದಳು. ಕಾಂಚನಾ ಒಂದು ವಾರ ತಲೆ ತಗ್ಗಿಸಿ ಓಡಾಡಿದಳು. ಪುಷ್ಪಾವತಿಗೆ ಪಾಪ ಅನಿಸಲಿಲ್ಲವೆಂದಲ್ಲ, ಅನಿಸಿತು. ಆದರೆ ಹೇಳಿದ್ದು ಸರಿಯೇ ಎಂದೂ ಅನಿಸಿತು.

ಎಲ್ಲರಿಗಿಂತ ಹೆಚ್ಚು ಅನುಭವಿಸಿದವನು ಸುಜನ್. ಹನ್ನೊಂದು ವರ್ಷದ ಹುಡುಗ, ಅಕ್ಟೋಬರಿನ ಆ ಬೇಗೆಯಲ್ಲೂ ತುಂಬು ತೋಳಿನ ಅಂಗಿ, ಮೊಣಕಾಲ ತನಕ ಕಾಲುಚೀಲ. ಶಾಲೆಯ ಪಿಕ್ನಿಕ್ಕಿಲ್ಲ, ಕೆಳಗೆ ಕ್ರಿಕೆಟ್ಟಿಲ್ಲ. ಒಮ್ಮೆ ಸುಮ್ಮನೆ ಸೀನಿದ್ದಕ್ಕೆ ರಕ್ತ ತೆಗೆಸಿದ್ದಳು.

ಹೀಗಿರುವಾಗ ಉಲ್ಹಾಸನಗರದಲ್ಲಿ ಅವಳ ಗಂಡ ಗುಣಪಾಲ ಮ್ಯಾನೇಜರಾಗಿದ್ದ ಹೋಟೆಲಿನ ಅಡುಗೆಮನೆಯ ಮೋರಿ ಕಟ್ಟಿಕೊಂಡಿತು. ರಿಪೇರಿಗೆಂದು ಧಣಿಗಳು ಶನಿವಾರ, ಭಾನುವಾರ ಬಾಗಿಲು ಹಾಕಿದರು. ಹನ್ನೆರಡು ವರ್ಷಗಳಲ್ಲಿ ಗುಣಪಾಲನಿಗೆ ಕೂಡಿಬಂದ ಮೊದಲ ಎರಡು ದಿನದ ರಜೆ. ಕಾಲೇಜಿಗೆ ಹೋಗುವ ಮಗಳು ದಿಶಾ ತಡ ಮಾಡದೆ ಮೊಬೈಲು ಹಿಡಿದು ತಂದೆಯ ಪಕ್ಕ ಕೂತಳು. ಮಾಳಶೇಜ್ ಘಾಟಿಯ ಆಚೆ ಗುಡ್ಡಗಳ ನಡುವೆ ಒಂದು ಕೆರೆ, ಕೆರೆಯ ದಂಡೆಯಲ್ಲಿ ಬಣ್ಣ ಬಣ್ಣದ ಡೇರೆ, ಒಂದು ರಾತ್ರಿ ಕ್ಯಾಂಪಿಂಗ್.

"ಕೆರೆಯಾ?" ಪುಷ್ಪಾವತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನಿಮಗೆ ತಲೆ ಸರಿ ಉಂಟಾ? ನುಸಿಯ ಮನೆಗೇ ಮಗುವನ್ನು ಕರ್ಕೊಂಡು ಹೋಗ್ಲಿಕ್ಕೆ?"

"ಒಂದು ರಾತ್ರಿ ಮಾರಾಯ್ತಿ," ಎಂದ ಗುಣಪಾಲ. "ಆ ಹುಡುಗನ ಮುಖ ಒಮ್ಮೆ ನೋಡು."

ಸುಜನ್ ಏನೂ ಕೇಳಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಉಸಿರು ಬಿಗಿಹಿಡಿದು ನಿಂತಿದ್ದ. ಕೇಳಿದರೆ ಇಲ್ಲ ಅನ್ನಬಹುದಿತ್ತು, ಹಾಗೆ ನಿಂತವನಿಗೆ ಇಲ್ಲ ಅನ್ನುವುದು ಹೇಗೆ? ಪುಷ್ಪಾವತಿ ಸೋತಳು. ಸೋತ ಸಿಟ್ಟಿಗೆ ಎರಡು ಸೊಳ್ಳೆಪರದೆ, ನಾಲ್ಕು ಟ್ಯೂಬು ಮುಲಾಮು, ಚಟಪಟ ಅನ್ನುವ ಬ್ಯಾಟು, ಬೇವಿನೆಣ್ಣೆ, ಒಂದು ಚೀಲ ತೆಂಗಿನ ಸಿಪ್ಪೆ ಎಲ್ಲ ಕಟ್ಟಿದಳು. ಹಳೆಯ ಕಾರಿನ ಡಿಕ್ಕಿಯಲ್ಲಿ ಬಟ್ಟೆಗೆ ಜಾಗವೇ ಉಳಿಯಲಿಲ್ಲ.

ಶನಿವಾರ ಕಲ್ಯಾಣ ದಾಟಿ ಮುರ್ಬಾಡ್ ರಸ್ತೆ ಹಿಡಿದರು. ಸುಜನ್ ದಾರಿಯುದ್ದಕ್ಕೂ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ. ಘಾಟಿಯ ತಿರುವುಗಳಲ್ಲೂ ಏಳಲಿಲ್ಲ. "ರಾತ್ರಿಯೆಲ್ಲ ಖುಷಿಯಲ್ಲಿ ನಿದ್ದೆ ಇಲ್ಲ ಅವನಿಗೆ," ಎಂದಳು ದಿಶಾ, ಕೇಳುವ ಮೊದಲೇ.

ಕೆರೆ ಚೆನ್ನಾಗಿತ್ತು. ಮೂರು ಕಡೆ ಗುಡ್ಡ, ನೀರು ತಣ್ಣಗೆ, ಸುಮ್ಮನೆ. ಅದನ್ನು ನೋಡುವ ವ್ಯವಧಾನ ಪುಷ್ಪಾವತಿಗೆಲ್ಲಿ? ಅವಳ ಕಣ್ಣು ಹೋದದ್ದು ದಂಡೆಯ ಜೊಂಡಿನ ಮೇಲೆ. ಸೂರ್ಯ ಗುಡ್ಡದ ಹಿಂದೆ ಸರಿದದ್ದೇ ತಡ, ಬಂದವು ನೋಡಿ! ಒಂದಲ್ಲ ಎರಡಲ್ಲ, ತಲೆಯ ಮೇಲೆ ಕೊಡೆ ಹಿಡಿದ ಹಾಗೆ ಹಿಂಡು ಹಿಂಡು. ಬೇರೆ ಡೇರೆಯವರು ಕಪಾಳಕ್ಕೆ ಕಪಾಳಕ್ಕೆ ಹೊಡೆದುಕೊಂಡು ನಗುತ್ತಿದ್ದರು. ಪುಷ್ಪಾವತಿ ಮಗನನ್ನು ಡೇರೆಯೊಳಗೆ ತಳ್ಳಿ, ಅದರೊಳಗೆ ಪರದೆ ಕಟ್ಟಿ, ಮುಲಾಮು ಬಳಿದು, ಹೊರಗೆ ಸಿಪ್ಪೆಯ ಹೊಗೆ ಹಾಕಿ ಬ್ಯಾಟು ಹಿಡಿದು ಬಾಗಿಲಲ್ಲಿ ಕೂತಳು.

"ಅಮ್ಮ, ಸಬ್ ದೇಖ್ ರಹೇ ಹೈ," ಎಂದು ದಿಶಾ ಮುಖ ಮುಚ್ಚಿಕೊಂಡಳು. ಮನೆಯಲ್ಲಿ ತುಳು, ಹೊರಗೆ ಮರಾಠಿ, ನಾಚಿಕೆಯಾದಾಗ ಹಿಂದಿ, ಹೀಗೆ ಆ ಹುಡುಗಿಯದು.

"ನೋಡ್ಲಿ. ನಾನೇನು ಕದ್ದಿದ್ದೇನಾ?"

ಸುಜನ್ ಊಟ ಬೇಡವೆಂದ. ಚಿಪ್ಸು ತಿಂದು ಹೊಟ್ಟೆ ತುಂಬಿದೆ ಎಂದ. ಅವಳು ನಂಬಿದಳು, ಏಕೆಂದರೆ ಅವಳ ಕಣ್ಣೆಲ್ಲ ಹೊರಗಿನ ಸೊಳ್ಳೆಗಳ ಮೇಲಿತ್ತು.

ಬೆಳಿಗ್ಗೆ ಚಹಾ ಕೇಳಲು ಅಡುಗೆಯ ಚಪ್ಪರಕ್ಕೆ ಹೋದಾಗ ಅಲ್ಲಿ ಅಡುಗೆಯಾಕೆ ಚಂದ್ರಬಾಯಿ ನೀರಿನ ಹಂಡೆಗಳನ್ನೆಲ್ಲ ಬೋರಲು ಹಾಕಿ, ಒಂದೊಂದರ ಒಳಗೂ ಕೈ ಹಾಕಿ ನಾರಿನಿಂದ ಗಸಗಸ ತಿಕ್ಕುತ್ತಿದ್ದಳು. ಅರವತ್ತರ ಹೆಂಗಸು, ಕಚ್ಚೆಸೀರೆ, ಮಾತೆಲ್ಲ ಮರಾಠಿ. ಅಷ್ಟು ಒಳ್ಳೆಯ ನೀರು ನೆಲಕ್ಕೆ ಹರಿದುಹೋಗುವುದನ್ನು ನೋಡಿ ಪುಷ್ಪಾವತಿಗೆ ತಡೆಯಲಾಗಲಿಲ್ಲ.

"ಯಾಕೆ ಮಾವಶಿ ಚೆಲ್ತೀರಿ? ಶುದ್ಧ ನೀರು!"

"ಇವತ್ತು ನಮ್ಮ ಹಾಡಿಯಲ್ಲಿ ಕೋರಡಾ ದಿವಸ ವಹಿನಿ. ವಾರಕ್ಕೊಂದು ದಿನ ಮನೆಯಲ್ಲಿ ಒಂದು ತೊಟ್ಟು ಹಳೆ ನೀರು ಇರಬಾರದು. ಪಾತ್ರೆ ಒಣಗಬೇಕು. ಎರಡು ವರ್ಷದ ಹಿಂದೆ ನನ್ನ ಮೊಮ್ಮಗಳು ಡೆಂಗಿಯಲ್ಲಿ ಹೋದಳು, ಆವತ್ತಿನಿಂದ." ಚಂದ್ರಬಾಯಿ ತಿಕ್ಕುವುದನ್ನು ನಿಲ್ಲಿಸದೆಯೇ ಹೇಳಿದಳು. "ನಿನ್ನೆ ಸಂಜೆ ನೀವು ಸೊಳ್ಳೆ ಹೊಡೆದದ್ದು ನೋಡಿದೆ. ಕೆರೆಯ ಡಾಸ್ ಕಚ್ಚುತ್ತವೆ, ಹಾಡುತ್ತವೆ, ಅಷ್ಟೇ. ಡೆಂಗಿಯದ್ದು ಹಾಡುವುದಿಲ್ಲ. ಅದಕ್ಕೆ ಕೆರೆ ಬೇಡ. ಅದು ಮನೆಯೊಳಗೇ ಹುಟ್ಟುತ್ತದೆ, ಹಗಲು ಹೊತ್ತು ಕಚ್ಚುತ್ತದೆ."

"ಗೊತ್ತು ಗೊತ್ತು. ನಮ್ಮ ಬಿಲ್ಡಿಂಗಿನಲ್ಲಿ ಒಂದು ತಟ್ಟೆ ನೀರು ನಿಲ್ಲಲಿಕ್ಕೆ ನಾನು ಬಿಡುವುದಿಲ್ಲ."

"ಕುಡಿಯುವ, ಬಳಸುವ ನೀರು?"

"ಅದು ಡ್ರಮ್ಮಿನಲ್ಲಿ. ವಾರಕ್ಕೊಂದು ದಿನ ನೀರು ಬಂದ್ ಅಲ್ವಾ ನಮ್ಮಲ್ಲಿ, ಎರಡು ನೀಲಿ ಡ್ರಮ್ಮು ತುಂಬಿಸಿಯೇ ಇಡ್ತೇನೆ. ಕಡಿಮೆ ಆದ ಹಾಗೆ ಮೇಲಿಂದ ತುಂಬಿಸ್ತಾ ಇರುವುದು. ಒಂದರ ಮುಚ್ಚಳ ಒಡೆದುಹೋಯ್ತು, ಅದಕ್ಕೆ ಇವರ ಕೈಯಲ್ಲೇ ಮೈ ಒರೆಸುವ ಬೈರಾಸು ಕಟ್ಟಿಸಿದ್ದೇನೆ, ಬಿಗಿಯಾಗಿ."

ಈಗ ಚಂದ್ರಬಾಯಿಯ ಕೈ ನಿಂತಿತು. "ಬಟ್ಟೆ ಜೋತು ನೀರಿಗೆ ಮುಟ್ಟುತ್ತದಾ?"

ಪುಷ್ಪಾವತಿ ಹೌದೆಂದು ತಲೆಯಾಡಿಸಿದಳು. ಜೋತುಬಿದ್ದಿತ್ತು. ಬೈರಾಸಿನ ನಡುವೆ ಯಾವಾಗಲೂ ಒಂದು ಬೊಗಸೆ ನೀರು ನಿಂತಿರುತ್ತಿತ್ತು, ತಿಳಿಯಾಗಿ.

"ಹಾಗಿದ್ದರೆ ಅದರ ಮೇಲೇ ಹುಟ್ಟುತ್ತವೆ ವಹಿನಿ. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿ ತಿಂಗಳುಗಟ್ಟಲೆ ಕೂತಿರುತ್ತವೆ. ಮೇಲೆ ಹೊಸ ನೀರು ಹೊಯ್ದರೆ ಏಳುತ್ತವೆ. ಪೂರ್ತಿ ಚೆಲ್ಲಿ ತಿಕ್ಕದೆ ಹೋಗುವುದಿಲ್ಲ. ಸರ್ಕಾರಿ ದವಾಖಾನೆಯ ಆಶಾತಾಯಿ ಬಂದು ತೋರಿಸಿದಳು ನನಗೆ, ಇದೇ ಹಂಡೆಯಲ್ಲಿ."

ಮೇ ತಿಂಗಳಿನಿಂದ ಆ ಡ್ರಮ್ಮು ಒಂದು ದಿನವೂ ಬರಿದಾಗಿರಲಿಲ್ಲ. ನೀರು ಚೆಲ್ಲುವುದೆಂದರೆ ಪುಷ್ಪಾವತಿಗೆ ಅನ್ನ ಚೆಲ್ಲಿದ ಹಾಗೆ. ಪರರ ಮನೆಯ ತಟ್ಟೆಯಲ್ಲಿದ್ದದ್ದು ನಿಂತ ನೀರು, ತನ್ನ ಡ್ರಮ್ಮಿನಲ್ಲಿದ್ದದ್ದು ಉಳಿಸಿದ ನೀರು, ಇಷ್ಟೇ ಅವಳ ಲೆಕ್ಕ. ಡ್ರಮ್ಮಿದ್ದದ್ದು ಬಚ್ಚಲಿನ ಹೊರಗಿನ ಪ್ಯಾಸೇಜಿನಲ್ಲಿ. ಅದರ ಆಚೆ ಬದಿಗೇ ಸುಜನ್‌ನ ಓದುವ ಮೇಜು.

ಅವಳು ಚಹಾ ಮರೆತು ಡೇರೆಗೆ ಓಡಿದಳು.

ಸುಜನ್ ಮಗ್ಗುಲಾಗಿ ಮುದುಡಿಕೊಂಡಿದ್ದ. ಹಣೆ ಮುಟ್ಟಿದರೆ ಬಿಸಿಯಿಲ್ಲ. ಬದಲಿಗೆ ತಣ್ಣಗೆ ಬೆವರು. "ಹೊಟ್ಟೆ ನೋವು ಅಮ್ಮ," ಎಂದು ಮೆಲ್ಲನೆ ಅಂದ. ಗುಣಪಾಲ ಹಲ್ಲುಜ್ಜುತ್ತ ಬಂದವನು ತಾನೂ ಹಣೆ ಮುಟ್ಟಿ ನೋಡಿ, "ಜ್ವರ ಎಂತದೂ ಇಲ್ಲ ಪುಷ್ಪಾ. ಹಾಳುಮೂಳು ತಿಂದದ್ದು. ನೀನು ಸುಮ್ಮನೆ ಗಾಬರಿ ಮಾಡ್ಬೇಡ," ಎಂದ.

ಜ್ವರ ಇಲ್ಲ ಎಂದದ್ದಕ್ಕೇ ಅವಳು ಹೆದರಿದಳು. ಹೋದ ವರ್ಷವೂ ಹೀಗೇ. ಮೂರು ದಿನ ಉರಿದ ಮೈ ನಾಲ್ಕನೇ ದಿನ ತಣ್ಣಗಾಗಿತ್ತು, ಮನೆಯವರೆಲ್ಲ ಅಬ್ಬ ಎಂದು ಉಸಿರು ಬಿಟ್ಟಿದ್ದರು, ಅದೇ ಸಂಜೆ ಹುಡುಗ ಕಣ್ಣು ಮೇಲೆ ಮಾಡಿದ್ದ. ಜ್ವರ ಇಳಿದ ಮೇಲಿನ ಎರಡು ದಿನವೇ ಡೆಂಗಿಯಲ್ಲಿ ಅಪಾಯದ ದಿನ, ಮೈ ತಣ್ಣಗಾಯಿತೆಂದು ಮೋಸ ಹೋಗಬೇಡಿ ಎಂದು ಆಮೇಲೆ ಡಾಕ್ಟರರು ಅವಳಿಗೆ ಬಿಡಿಸಿ ಹೇಳಿದ್ದರು. ಅವಳು ಮಗನ ಕಾಲುಚೀಲ ಎಳೆದು ತೆಗೆದಳು. ಮೊಣಕಾಲಿನ ಕೆಳಗೆ, ಸಾಸಿವೆ ಚೆಲ್ಲಿದ ಹಾಗೆ, ಸಣ್ಣ ಸಣ್ಣ ಕೆಂಪು ಚುಕ್ಕೆ.

"ಯಾವಾಗಿನಿಂದ?" ಅವಳ ಸ್ವರ ಅವಳಿಗೇ ಗುರುತು ಸಿಗಲಿಲ್ಲ. "ಸುಜನ್, ಸತ್ಯ ಹೇಳು. ಜ್ವರ ಯಾವಾಗ ಬಂತು?"

ಅವನು ಅಕ್ಕನನ್ನು ನೋಡಿದ. ದಿಶಾ ಅಳತೊಡಗಿದಳು.

"ಗುರುವಾರ ಅಮ್ಮ," ಎಂದಳು ಅವಳು. "ಶಾಲೆಯಿಂದ ಬಂದವನೇ ಮೈ ಬಿಸಿ ಅಂದ. ನಾನು ಜ್ವರದ ಮಾತ್ರೆ ಕೊಟ್ಟೆ. ಶುಕ್ರವಾರ ಮತ್ತೆ ಕೊಟ್ಟೆ. ನಿನ್ನೆ ಕಾರಲ್ಲಿ ಕೂಡ... ಅಮ್ಮನಿಗೆ ಹೇಳ್ಬೇಡ ಅಂತ ಕಾಲು ಹಿಡಿದ ಅವನು. ಪ್ರಾಮಿಸ್ ಮಾಡಿಸಿದ."

"ನೀನು ಕ್ಯಾನ್ಸಲ್ ಮಾಡ್ತಿದ್ದೆ," ಎಂದ ಸುಜನ್. ಅವನಿಗೆ ಅಳಲಿಕ್ಕೂ ತ್ರಾಣವಿರಲಿಲ್ಲ. "ಫಿರ್ ಕಭೀ ನಹೀ ಜಾನೇ ದೇತೀ. ಮತ್ತೆ ಯಾವತ್ತೂ ಬಿಡ್ತಿರ್ಲಿಲ್ಲ."

ಗುಣಪಾಲ ಬಾಯಿಯ ನೊರೆಯನ್ನೂ ತೊಳೆಯದೆ ಕಾರಿನ ಕಡೆ ಓಡಿದ. ಡೇರೆ, ಪರದೆ, ಬ್ಯಾಟು ಎಲ್ಲ ಇದ್ದಲ್ಲೇ ಬಿಟ್ಟರು. ಚಂದ್ರಬಾಯಿ ಓಡಿಬಂದು ಒಂದು ಬಾಟಲಿ ಉಪ್ಪು ಸಕ್ಕರೆ ಹಾಕಿದ ನೀರನ್ನು ಕಿಟಕಿಯಿಂದ ಒಳಗೆ ಕೊಟ್ಟು, "ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ," ಎಂದಳು.

ಘಾಟಿ ಇಳಿಯುವಷ್ಟು ಹೊತ್ತೂ ಪುಷ್ಪಾವತಿ ಬಾಟಲಿಯ ಮುಚ್ಚಳದಲ್ಲಿ ನೀರು ಕುಡಿಸಿದಳು. ಅವನು ಎರಡು ಸಲ ವಾಂತಿ ಮಾಡಿದ. ಅವಳು ಅವನ ಬೆರಳುಗಳನ್ನು ತಿಕ್ಕಿ ತಿಕ್ಕಿ ಬಿಸಿ ಮಾಡುತ್ತ, ದೇವರೇ, ನನ್ನ ತಪ್ಪಿಗೆ ನನಗೇ ಕೊಡು, ಇವನಿಗೆ ಬೇಡ ಎಂದು ಒಳಗೊಳಗೇ ಅಂದುಕೊಂಡಳು. ಊರಿಗೆಲ್ಲ ಕಾವಲು ಕಾದು ತನ್ನ ಮನೆಯೊಳಗೇ ಸೊಳ್ಳೆ ಸಾಕಿದ್ದೆನಲ್ಲ! ಹೊರಗಿನವರು ಯಾರೂ ಅಲ್ಲ, ತಾನೇ. ಅದನ್ನು ಗಂಡನಿಗೆ ಹೇಳಬೇಕೆಂದು ಬಾಯಿ ತೆರೆದಳು, ಅವನು ಸ್ಟೇರಿಂಗಿಗೆ ಎದೆಯಾನಿಸಿ ಲಾರಿಗಳ ನಡುವೆ ದಾರಿ ಹುಡುಕುತ್ತಿದ್ದ. ಅವಳು ಮತ್ತೆ ಮುಚ್ಚಳಕ್ಕೆ ನೀರು ಬಗ್ಗಿಸಿದಳು.

ಟೋಕಾವಡೆಯ ಹತ್ತಿರ ಮೊಬೈಲಿಗೆ ಸಿಗ್ನಲ್ ಬಂತು. ಆಗ ಅವಳಿಗೆ ಮಾನ್ಯಾ ನೆನಪಾದಳು. ಚಿಕ್ಕಮ್ಮ ಬಂದಿದ್ದಾಳೆಂದು ಗುರುವಾರ, ಶುಕ್ರವಾರ ಬಂದಿರಲಿಲ್ಲ ಅವಳು. ಇಲ್ಲದಿದ್ದರೆ ದಿನಾ ನಾಲ್ಕರಿಂದ ಏಳರ ತನಕ ಆ ಮಗು ಆಡುವುದು ಅದೇ ಪ್ಯಾಸೇಜಿನಲ್ಲಿ, ಪುಟ್ಟ ಚೊಂಬು ಹಿಡಿದು ಗೊಂಬೆಗೆ ಸ್ನಾನ ಮಾಡಿಸುತ್ತ, ಬರಿಗಾಲಲ್ಲಿ, ಗಿಡ್ಡ ಫ್ರಾಕಿನಲ್ಲಿ. ಸುಜನ್‌ಗೆ ಹಾಕುವ ಕಾಲುಚೀಲ ಅದಕ್ಕೆ ಯಾರು ಹಾಕಿದರು?

ಕಾಂಚನಾಳ ನಂಬರು ತೆಗೆದಳು. ಒತ್ತಲಿಲ್ಲ. ಏನೆಂದು ಹೇಳುವುದು? ಮೆಟ್ಟಿಲ ಮೇಲೆ ನಿನ್ನನ್ನು ಅಷ್ಟು ಜನರೆದುರು ಬೈದೆನಲ್ಲ, ಸೊಳ್ಳೆ ಇದ್ದದ್ದು ನನ್ನ ಡ್ರಮ್ಮಿನಲ್ಲಿ ಎಂದೇ? ಮೊದಲು ಇವನದ್ದು ಖಾತ್ರಿಯಾಗಲಿ, ಬೇರೆ ಏನಾದರೂ ಇರಬಹುದು, ಸುಮ್ಮನೆ ಯಾಕೆ ಅವರನ್ನೂ ಹೆದರಿಸುವುದು ಎಂದು ತನಗೆ ತಾನೇ ಹೇಳಿಕೊಂಡು ಮೊಬೈಲನ್ನು ಪರ್ಸಿಗೆ ಹಾಕಿದಳು. ಹೇಳಿಕೊಂಡದ್ದು ಅದು. ನಿಜದಲ್ಲಿ ಅವಳಿಗೆ ನಾಚಿಕೆಯಾಗಿತ್ತು.

ಕಲ್ಯಾಣದ ಆಸ್ಪತ್ರೆ ಮುಟ್ಟುವಾಗ ಹನ್ನೊಂದೂವರೆ. ರಕ್ತ ತೆಗೆದರು, ಡ್ರಿಪ್ ಹಚ್ಚಿದರು, ಹಾಸಿಗೆಯ ಸುತ್ತ ಪರದೆ ಎಳೆದರು. ಹೊರಗಿನ ಬೆಂಚಿನಲ್ಲಿ ಗುಣಪಾಲ ಎರಡು ಕೈಯಲ್ಲೂ ತಲೆ ಹಿಡಿದು ಕೂತಿದ್ದ. ಪುಷ್ಪಾವತಿ ಅವನ ಪಕ್ಕ ಕೂತು ಡ್ರಮ್ಮಿನ ವಿಷಯ ಹೇಳಿದಳು. ಬೈಯುತ್ತಾನೆ ಎಂದುಕೊಂಡಿದ್ದಳು, ಬೈದಿದ್ದರೆ ಹಗುರವಾಗುತ್ತಿತ್ತು. ಅವನು, "ಆ ಬೈರಾಸು ಕಟ್ಟಿಕೊಟ್ಟವನು ನಾನೇ ಅಲ್ವಾ," ಎಂದಷ್ಟೇ ಹೇಳಿ ಮತ್ತೆ ತಲೆ ಹಿಡಿದುಕೊಂಡ.

ಮೂರು ಗಂಟೆಗೆ ಡಾಕ್ಟರ್ ಹೊರಗೆ ಬಂದರು. ಡೆಂಗಿಯೇ. ಪ್ಲೇಟ್‌ಲೆಟ್ ನಲವತ್ತೆರಡು ಸಾವಿರ, ರಕ್ತ ಗಟ್ಟಿಯಾಗುತ್ತಿತ್ತು, ಬಿಪಿ ಇಳಿದಿತ್ತು, ಡ್ರಿಪ್ ಹೋದ ಮೇಲೆ ಸ್ವಲ್ಪ ಏರಿದೆ. "ಸರಿಯಾದ ಹೊತ್ತಿಗೆ ತಂದಿರಿ. ಸಂಜೆಯ ತನಕ ಕಾದಿದ್ದರೆ ನನ್ನ ಕೈಯಲ್ಲೂ ಇರುತ್ತಿರಲಿಲ್ಲ. ಎರಡು ದಿನ ಗಂಟೆ ಗಂಟೆಗೂ ನೋಡಬೇಕು," ಎಂದರು. "ಮೈ ತಣ್ಣಗಾದ ಮೇಲೆ ಎಲ್ಲರೂ ಮನೆಯಲ್ಲೇ ಮಲಗಿಸುತ್ತಾರೆ. ನಿಮಗೆ ಗೊತ್ತಾದದ್ದು ಒಳ್ಳೆಯದಾಯಿತು."

ಗುಣಪಾಲ ಕೈ ಮುಗಿದ. ಪುಷ್ಪಾವತಿ ಒಳಗೆ ಹೋಗಿ ಮಗನ ಕೂದಲು ಸವರಿದಳು. ಸುಜನ್ ಅರ್ಧ ಕಣ್ಣು ತೆರೆದು, "ಸಿಟ್ಟು ಬಂತಾ ಅಮ್ಮ?" ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ನಂಬಿದ ಹಾಗೆ ಕಾಣಲಿಲ್ಲ, ಕಣ್ಣು ಮುಚ್ಚಿದ.

ಅಲ್ಲಿ ನಿಲ್ಲಲಾರದೆ ಅವಳು ಕಾರಿಡಾರಿನ ಕಿಟಕಿಗೆ ಬಂದಳು. ಈ ಸಲ ನಂಬರು ಒತ್ತಿದಳು.

"ಹೇಳ್ರೀ ಅಕ್ಕಾರ," ಎಂದಳು ಕಾಂಚನಾ. ಸ್ವರ ಸಣ್ಣಗಿತ್ತು. "ಕ್ಯಾಂಪಿಂಗ್ ಹೆಂಗಾತ್ರೀ?"

"ಕಾಂಚನಾ, ಮೊದಲು ನಾನು ಹೇಳುವುದು ಕೇಳು. ಸುಜನ್‌ಗೆ ಪುನಃ ಡೆಂಗಿ. ಕಲ್ಯಾಣದಲ್ಲಿ ಎಡ್ಮಿಟ್ ಮಾಡಿದ್ದೇವೆ. ನುಸಿ ಇದ್ದದ್ದು ನಮ್ಮ ಮನೆಯಲ್ಲಿ, ನನ್ನ ಡ್ರಮ್ಮಿನಲ್ಲಿ. ಆವತ್ತು ನಿಂಗೆ ಸುಮ್ಮನೆ ಬೈದೆ ನಾನು, ತಪ್ಪು ನಂದೇ." ಒಂದೇ ಉಸಿರಿಗೆ ಹೇಳಿಬಿಟ್ಟಳು, ನಿಲ್ಲಿಸಿದರೆ ಮತ್ತೆ ಬಾಯಿ ಬರುತ್ತಿರಲಿಲ್ಲ. "ಮಾನ್ಯಾ ಹೇಗಿದ್ದಾಳೆ? ಹುಷಾರಿದ್ದಾಳಲ್ವಾ?"

ಆ ಕಡೆ ಮಿಕ್ಸರಿನ ಸದ್ದು ಎಲ್ಲೋ ಕೇಳಿಸಿ ನಿಂತಿತು.

"ಕಾಂಚನಾ?"

"ಆಕೀಗೆ ಬುಧವಾರ ರಾತ್ರಿಯಿಂದ ಜ್ವರ ಇದ್ವು ಅಕ್ಕಾರ," ಎಂದಳು ಕಾಂಚನಾ. "ಅದಕ್ಕ ಗುರುವಾರ, ಶುಕ್ರವಾರ ನಿಮ್ಮ ಮನೀಗೆ ಕಳಸಲಿಲ್ಲ. ತಂಗಿ ಬಂದಾಳ ಅಂತ ಸುಳ್ಳು ಹೇಳಿದೆ. ನಿಮಗ ಗೊತ್ತಾದ್ರ ಮತ್ತ ತುಳಸಿ ಕಟ್ಟೀದ ಅಂತ ಬೈತೀರಿ, ಸುಜನ್‌ಗ ಹಚ್ಚಿದಿ ಅಂತೀರಿ, ಹಂಗಂತ... ಡಾಕ್ಟರಿಗೂ ತೋರಿಸಲಿಲ್ರಿ, ಕೆಳಗಿನ ದವಾಖಾನ್ಯಾಗ ನಿಮಗ ಎಲ್ಲಾರೂ ಗುರ್ತು. ಆದ್ರ ಈಗ ಏನಿಲ್ರಿ, ಚಿಂತಿ ಮಾಡಬ್ಯಾಡ್ರಿ. ಮುಂಜಾನೆಯಿಂದ ಜ್ವರ ಪೂರ್ತಿ ಇಳದಾವ. ಮೈ ತಣ್ಣಗಾಗೇದ. ಹೊಟ್ಟಿ ನೋವು ಅಂತಿದ್ಲು, ಈಗ ಸುಮ್ಮನ ಮಲಗ್ಯಾಳ. ಎಬ್ಬಿಸಿದ್ರೂ ಏಳವಲ್ಲಳು, ಅಷ್ಟು ನಿದ್ದಿ."

ಪುಷ್ಪಾವತಿ ಕಿಟಕಿಯ ಸರಳು ಹಿಡಿದುಕೊಂಡಳು. ಅರಚಬೇಕೆನಿಸಿತು. ಮೂರು ದಿನ, ನಾಲ್ಕು ದಿನ! ಗೋಡೆಯ ಆಚೆಗೇ! ಅವಳ ಗಂಟಲಿನ ತನಕ ಬಂದದ್ದು ಅದೇ ಹಳೆಯ ಕೂಗು. ಅದನ್ನು ನುಂಗಿಕೊಂಡಳು, ನುಂಗಲು ಕಷ್ಟವಾಯಿತು.

"ಮಲಗಿಸ್ಬೇಡ," ಎಂದಳು, ಆದಷ್ಟು ಮೆಲ್ಲಗೆ. "ಈಗಲೇ ಎತ್ತಿಕೋ. ರಿಕ್ಷಾ ಹಿಡಿ, ಇಲ್ಲಿಗೆ ಬಾ. ಬಟ್ಟೆ ಗಿಟ್ಟೆ ಎಂತದೂ ಹುಡುಕ್ಬೇಡ. ದಾರಿಯಲ್ಲಿ ನೀರು ಕುಡಿಸು, ಒಂದೊಂದು ಚಮಚ. ನಾನು ಗೇಟಿನ ಹತ್ತಿರ ನಿಂತಿರ್ತೇನೆ, ಡಾಕ್ಟರಿಗೆ ಹೇಳಿ ಇಡ್ತೇನೆ."

"ಅಕ್ಕಾರ, ಆಕಿ ಆರಾಮ ಆಗ್ಯಾಳಲ್ರೀ..."

"ಆಗಲಿಲ್ಲ ಮಾರಾಯ್ತಿ. ಬಾ."

ಕಾಂಚನಾ ಏನನ್ನೋ ಕೆಡವಿದ ಸದ್ದಾಯಿತು. ಮಾನ್ಯಾ, ಮಾನ್ಯಾ ಎಂದು ಕರೆದದ್ದು, ಮತ್ತೆ ಕರೆದದ್ದು ಕೇಳಿಸಿತು. ಬಾಗಿಲು ತೆರೆದ ಸದ್ದು. ಮೆಟ್ಟಿಲ ಮೇಲೆ ಚಪ್ಪಲಿ. ಏದುಸಿರಿನ ನಡುವೆ ಅವಳು ಮತ್ತೆ ಫೋನನ್ನು ಕಿವಿಗೆ ಹಿಡಿದಳು.

"ಬರಾಕತ್ತೀನಿ. ಅಕ್ಕಾರ, ಖರೇನೂ ಬಯ್ಯಂಗಿಲ್ಲಲ್ರೀ?"

"ಇಲ್ಲ," ಎಂದಳು ಪುಷ್ಪಾವತಿ. ಡಾಕ್ಟರಿಗೆ ಎರಡು ಮಾತಿನಲ್ಲಿ ಹೇಳಿ, ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಗೇಟಿನ ಕಡೆ ಓಡಿದಳು.